ಇನ್ನೊಂದು ಹಿಡಿಸುತ್ತೆ, ಹಾಕಣ್ಣ!

ಪಿಕಪ್ ಗಾಡಿಯ ಹಿಂದಿನ ಬಾಡಿ ತುಂಬಿತು ಎಂದು ಒಪ್ಪಿಕೊಂಡ ಮನುಷ್ಯನನ್ನು ನಾನಿನ್ನೂ ನೋಡಿಲ್ಲ. ಕೊಡ ತುಂಬುತ್ತದೆ, ಕೆರೆ ತುಂಬುತ್ತದೆ, ಅಪರೂಪಕ್ಕೆ ಕೆಲವರ ಹೊಟ್ಟೆಯೂ ತುಂಬುತ್ತದಂತೆ. ಪಿಕಪ್ ಮಾತ್ರ ತುಂಬುವುದಿಲ್ಲ. ಲೋಡು ಮಾಡುವ ಜಾಗದಲ್ಲಿ ಕೈಕಟ್ಟಿ ನಿಂತ ಒಬ್ಬ ಮಹಾನುಭಾವ ಇದ್ದೇ ಇರುತ್ತಾನೆ. ಸರಕು ಅವನದಲ್ಲ, ಗಾಡಿ ಅವನದಲ್ಲ, ಒಂದು ಚೀಲಕ್ಕೂ ಕೈ ಕೊಟ್ಟವನಲ್ಲ. ಆದರೆ ಡ್ರೈವರು ಹಿಂದಿನ ಡೋರು ಎತ್ತಿ ಕೊಂಡಿ ಹಾಕಲು ಹೊರಟ ಗಳಿಗೆಗೆ ಸರಿಯಾಗಿ ಬಾಯಿ ಬಿಡುತ್ತಾನೆ: “ಆ ಮೂಲೆ ಖಾಲಿ ಇದ್ಯಲ್ಲ, ಇನ್ನೊಂದು ಹಿಡಿಸುತ್ತೆ, ಹಾಕಣ್ಣ!” ಈ ಮಾತಿಗೆ ಅಪೀಲು ಇಲ್ಲ. ಇನ್ನೊಂದು ಬರುತ್ತದೆ, ಹಿಡಿಸುತ್ತದೆ. ಆಗ ಮತ್ತೊಂದು ಮೂಲೆ ಕಾಣುತ್ತದೆ.

ಈ ರೋಗಕ್ಕೆ ವಯಸ್ಸಾಗಿದೆ. ಅಮೆರಿಕದ ಫೋರ್ಡ್ ಕಂಪನಿ 1925ರಲ್ಲಿ ತನ್ನ ಮಾಡೆಲ್ ಟಿ ಕಾರಿನ ಬೆನ್ನಿಗೆ ಒಂದು ತೆರೆದ ಡಬ್ಬ ಕೂಡಿಸಿ, 281 ಡಾಲರಿಗೆ ಮಾರಾಟಕ್ಕಿಟ್ಟಿತು. ಕಾರ್ಖಾನೆಯಿಂದಲೇ ಸಿದ್ಧವಾಗಿ ಬಂದ ಪಿಕಪ್ ಅಂದರೆ ಅದು. ನಮ್ಮ ಊರುಗಳ ಸಂದಿಗೊಂದಿಗೆ ಅಂಥ ಗಾಡಿ ನುಗ್ಗಿದ್ದು 2005ರಲ್ಲಿ ಟಾಟಾ ಏಸ್ ಬಂದ ಮೇಲೆ. ಎರಡೇ ಸಿಲಿಂಡರಿನ ಡೀಸೆಲ್ ಎಂಜಿನ್ನು, ಹದಿನಾರು ಅಶ್ವಶಕ್ತಿ. ಮುಕ್ಕಾಲು ಟನ್ ಹೊರುತ್ತದೆ ಎಂದು ಕಂಪನಿಯವರು ಹೇಳಿದರು. ನಮ್ಮವರು ಅದನ್ನು ಕಂಪನಿಯವರ ವಿನಯ ಎಂದುಕೊಂಡರು. ಹಿಂದಿಯವರು ಅದಕ್ಕೆ ‘ಛೋಟಾ ಹಾಥಿ’ ಎಂದು ಹೆಸರಿಟ್ಟರು, ತಮಿಳರು ‘ಕುಟ್ಟಿ ಯಾನೈ’ ಎಂದರು. ಆನೆ ಎಂದು ಕರೆದ ಮೇಲೆ ದಿಮ್ಮಿ ಹೊರಿಸದೆ ಬಿಟ್ಟಾರೆಯೇ? 2011ರಲ್ಲಿ ಅಶೋಕ್ ಲೇಲ್ಯಾಂಡ್‌ನವರು ಒಂದೂಕಾಲು ಟನ್ನಿನ ಗಾಡಿ ತಂದು ‘ದೋಸ್ತ್’ ಎಂದು ಕರೆದರು. ಇನ್ನೂ ಅನುಕೂಲವಾಯಿತು. ಸ್ನೇಹಿತನ ಮೇಲೆ ಭಾರ ಹಾಕುವಾಗ ಯಾರು ತಕ್ಕಡಿ ಹಿಡಿಯುತ್ತಾರೆ?

ಮನೆ ಕಟ್ಟಿಸಿದವರಿಗೆ ಈ ಮುಕ್ಕಾಲು ಟನ್ ಎಂದರೆ ಎಷ್ಟು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಐವತ್ತು ಕಿಲೋ ಸಿಮೆಂಟ್ ಚೀಲ ಹದಿನೈದು. ಅಷ್ಟೇ. ಹದಿನೈದು ಚೀಲ ಜೋಡಿಸಿದರೆ ಬಾಡಿಯ ತಳ ಮುಚ್ಚಿ, ಮೇಲೆ ಒಂದಿಷ್ಟು ಏರುತ್ತದೆ. ಕಣ್ಣಿಗೆ ಗಾಡಿ ಇನ್ನೂ ಖಾಲಿ. ಮೇಸ್ತ್ರಿಯ ಜೀವ ಕೇಳುತ್ತದೆಯೇ? ಇನ್ನು ಮರಳಿನ ಲೆಕ್ಕ ನೋಡಿ. ಏಸ್ ಗಾಡಿಯ ಬಾಡಿ ಸುಮಾರು ಏಳಡಿ ಉದ್ದ, ಐದಡಿ ಅಗಲ, ಪಕ್ಕದ ತಗಡು ಒಂದಡಿ ಎತ್ತರ. ಅಂಚಿಗೆ ಸಮ ಮರಳು ತುಂಬಿದರೆ ಮೂವತ್ತೈದು ಘನ ಅಡಿ. ಒಂದು ಘನ ಅಡಿ ಮರಳು ಒಣಗಿದ್ದರೂ ನಲವತ್ತೈದು ಕಿಲೋ ತೂಗುತ್ತದೆ, ನೆನೆದಿದ್ದರೆ ಇನ್ನೂ ಮೇಲೆ. ಅಲ್ಲಿಗೆ ಒಂದೂವರೆ ಟನ್ ದಾಟಿತು. ಎಂದರೆ, ಕಣ್ಣಿಗೆ ‘ಸರಿಯಾಗಿ ತುಂಬಿದೆ’ ಎಂದು ಕಾಣುವ ಗಾಡಿಯಲ್ಲಿ ಇರಬೇಕಾದ್ದಕ್ಕಿಂತ ಎರಡು ಪಟ್ಟು ಇದೆ. ಅದರ ಮೇಲೆ ಗೋಪುರ ಕಟ್ಟುವವರ ವಿಷಯ ಬಿಡಿ, ಅವರು ಬೇರೆಯೇ ಧರ್ಮದವರು.

ಕಂಪನಿಯ ಜಾಹೀರಾತು ಬೇಡ, ಆರ್‌ಸಿ ತೆಗೆದು ನೋಡಿದರೂ ಸಾಕು. ಭರ್ತಿ ತೂಕ ಎಂದು ಒಂದು ಸಂಖ್ಯೆ, ಖಾಲಿ ತೂಕ ಎಂದು ಇನ್ನೊಂದು. ಕಳೆಯಿರಿ. ಉಳಿದದ್ದರಲ್ಲಿ ಡ್ರೈವರನ ತೂಕ, ಪಕ್ಕದಲ್ಲಿ ಕೂತ ನಿಮ್ಮ ತೂಕ, ಅವನು ಆಮೇಲೆ ಮಾಡಿಸಿಕೊಂಡ ಕಬ್ಬಿಣದ ಜಾಲರಿಯ ತೂಕ ಎಲ್ಲವೂ ಹೋಗಬೇಕು. ಎರಡನೇ ಕ್ಲಾಸಿನ ಕಳೆಯುವ ಲೆಕ್ಕ. ಆದರೆ ಈ ಲೆಕ್ಕ ಮಾಡುವ ಡ್ರೈವರಿಗೆ ಬಾಡಿಗೆ ಸಿಗುವುದಿಲ್ಲ. ಹಾಗಾಗಿ ಅವನು ಟೈರಿಗೆ ಒಂದು ಒದೆ ಕೊಟ್ಟು ತೂಕ ಹೇಳುತ್ತಾನೆ. ಟೈರು ‘ಟಣ್’ ಎಂದರೆ ಇನ್ನೂ ಹಾಕಬಹುದು, ‘ದಬ್’ ಎಂದರೆ ಸ್ವಲ್ಪ ನೋಡಿ ಹಾಕಬಹುದು. ಬೇಡ ಎಂಬ ಸದ್ದನ್ನು ಆ ಟೈರು ಕಲಿತೇ ಇಲ್ಲ.

ಗಾಡಿ ಹಿಂದೆ ಕುಸಿದು ಮೂತಿ ಆಕಾಶ ನೋಡತೊಡಗಿದರೆ ಅದಕ್ಕೂ ಔಷಧಿ ಇದೆ: ಗ್ಯಾರೇಜಿಗೆ ಹೋಗಿ ಹಿಂದಿನ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸುವುದು. ಆಮೇಲೆ ಗಾಡಿ ಬಗ್ಗುವುದಿಲ್ಲ, ಮಾಲೀಕನ ಎದೆಯೂ ಬಗ್ಗುವುದಿಲ್ಲ. ಪಟ್ಟಿ ಹೆಚ್ಚಿದ್ದಕ್ಕೆ ಬ್ರೇಕು ದೊಡ್ಡದಾಯಿತೇ, ಆಕ್ಸಲ್ ದಪ್ಪವಾಯಿತೇ, ಟೈರಿಗೆ ಹೊಸ ಜನ್ಮ ಬಂತೇ ಎಂದು ಕೇಳಿದರೆ, “ಸಾರ್, ನೀವು ಸ್ಲೋ ಅಂದ್ರೆ ಸ್ಲೋ ಹೋಗ್ತೀನಿ” ಎಂಬ ಉತ್ತರ. ಮೊದಲು ಗಾಡಿ ‘ಸಾಕು’ ಎಂದು ಬಗ್ಗಿಯಾದರೂ ತೋರಿಸುತ್ತಿತ್ತು. ಈಗ ಪಾಪ, ಅದರ ಬಾಯಿ ಕಟ್ಟಿದಂತಾಯಿತು. ಇಳಿಜಾರಿನಲ್ಲಿ ಬ್ರೇಕು ಕಾದು, ಪೆಡಲು ಒತ್ತಿದಷ್ಟೂ ಒಳಗೆ ಹೋಗುವ ಹೊತ್ತಿಗೆ ಅದು ಬಾಯಿ ಬಿಡುತ್ತದೆ.

2023ರ ಜುಲೈ ನೆನಪಿದೆಯೇ? ಟೊಮೆಟೊ ಬೆಲೆ ಚಿನ್ನದ ಅಂಗಡಿಯ ಕಡೆ ನಡೆದಿದ್ದ ಕಾಲ. ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕಿಲೋ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಆಗ ಬೆಂಗಳೂರಿನಲ್ಲಿ ಟೊಮೆಟೊ ತುಂಬಿದ್ದ ಗಾಡಿಯೊಂದನ್ನು ಕಳ್ಳರು ಸರಕಿನ ಸಮೇತ ಹೊಡೆದುಕೊಂಡು ಹೋದ ಸುದ್ದಿ ದೇಶಕ್ಕೆಲ್ಲ ಹಬ್ಬಿತು. ಗಾಡಿಯಲ್ಲಿ ಎರಡು ಟನ್ನಿಗೂ ಮೇಲೆ ಟೊಮೆಟೊ ಇತ್ತು ಎಂದು ಪತ್ರಿಕೆಗಳಲ್ಲಿ ಬಂತು. ಊರೆಲ್ಲ ಕಳ್ಳರ ಬಗ್ಗೆ ಮಾತಾಡಿತು, ಬೆಲೆಯ ಬಗ್ಗೆ ಮಾತಾಡಿತು. ನಮ್ಮ ಬೀದಿಯ ಪಿಕಪ್ ಡ್ರೈವರಣ್ಣ ಒಬ್ಬನೇ ಪತ್ರಿಕೆ ಮಡಿಚಿಟ್ಟು, “ಅಷ್ಟು ಲೋಡಲ್ಲಿ ಓಡಿಸ್ಕೊಂಡು ಹೋಗಿದ್ದಾರಲ್ಲ ಸಾರ್, ಕಳ್ಳರಾದ್ರೂ ಒಳ್ಳೇ ಡ್ರೈವರ್‌ಗಳು” ಎಂದ. ವೃತ್ತಿಗೌರವ ಎಂದರೆ ಇದು.

ತೂಕವಿಲ್ಲದ ಸರಕು ಹಾಕಿದರೆ ತಾಪತ್ರಯ ಇಲ್ಲ ಎಂದುಕೊಂಡೀರಿ. ಹುಲ್ಲು ನೋಡಿ. ಭತ್ತದ ಕೊಯ್ಲು ಮುಗಿದ ಮೇಲೆ ಮಂಡ್ಯ, ದಾವಣಗೆರೆ ಕಡೆಯ ರಸ್ತೆಗಳಲ್ಲಿ ಹುಲ್ಲಿನ ಬೆಟ್ಟಗಳು ತಾವಾಗಿಯೇ ನಡೆದು ಬರುತ್ತವೆ. ಅಡಿಯಲ್ಲಿ ಗಾಡಿ ಇದೆ ಎಂಬುದು ಹಾರನ್ ಕೇಳಿದಾಗಲೇ ಗೊತ್ತು. ಎರಡೂ ಪಕ್ಕ ಎರಡೆರಡು ಅಡಿ ಆಚೆ ಚಾಚಿದ ಹುಲ್ಲು ಎದುರು ಬಂದ ಬೈಕಿನವನ ಕೆನ್ನೆ ಸವರಿ ಹೋಗುತ್ತದೆ. ಡ್ರೈವರನ ಎರಡೂ ಕನ್ನಡಿಯಲ್ಲಿ ಕಾಣುವುದು ಹುಲ್ಲೇ. ಮೇಲೆ ಜೋತುಬಿದ್ದ ಕರೆಂಟಿನ ತಂತಿ, ಕೆಳಗೆ ಒಣಹುಲ್ಲು. ತಂತಿ ತಗುಲಿ ಹುಲ್ಲಿನ ಗಾಡಿ ಹೊತ್ತಿ ಉರಿಯಿತು ಎಂಬ ಸುದ್ದಿ ಬಾರದ ಬೇಸಿಗೆಯೇ ಇಲ್ಲ. ತಂತಿ ಎತ್ತಲು ಏನು ವ್ಯವಸ್ಥೆ? ಹುಲ್ಲಿನ ತುದಿಯಲ್ಲಿ ಕೋಲು ಹಿಡಿದು ಕೂತ ಒಬ್ಬ ಹುಡುಗ.

ಈ ಹುಡುಗನನ್ನು ಸ್ವಲ್ಪ ಜ್ಞಾಪಕದಲ್ಲಿಡಿ. ಅವನಂಥವರ ಸುದ್ದಿಗೆ ಆಮೇಲೆ ಬರುತ್ತೇನೆ.

ನನಗೆ ಸೋಜಿಗ ಅನಿಸುವುದು ಬೇರೆ. ಎತ್ತಿನ ಗಾಡಿ ಹೂಡುತ್ತಿದ್ದ ಕಾಲದಲ್ಲಿ ನಮ್ಮ ಅಜ್ಜಂದಿರಿಗೆ ಈ ವಿದ್ಯೆ ಕರಗತವಾಗಿತ್ತು. ಗಾಡಿಗೆ ಮೂಟೆ ಹೇರುವಾಗ ನೊಗ ಎತ್ತಿ ಎತ್ತಿ ನೋಡುತ್ತಿದ್ದರು. ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣು, ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿತ. ಒಂದು ಮೂಟೆ ಅರ್ಧ ಮೊಳ ಹಿಂದೆ, ಒಂದು ಮುಂದೆ. ಬೆರಳಲ್ಲಿ ನೊಗ ಎತ್ತುವಂತಾದ ಮೇಲೆ ಎತ್ತು ಕಟ್ಟುವುದು. ಪಿಕಪ್ಪಿನ ಕತೆಯೂ ಅದೇ, ಕೊರಳು ಮಾತ್ರ ಎತ್ತಿನದಲ್ಲ. ಭಾರವೆಲ್ಲ ಹಿಂದಿನ ಚಕ್ರದಿಂದಾಚೆ, ಡೋರಿನ ಹತ್ತಿರ ಬಿದ್ದರೆ ಮುಂದಿನ ಚಕ್ರ ಹಗುರವಾಗುತ್ತದೆ. ಸ್ಟಿಯರಿಂಗ್ ಬೆಣ್ಣೆಯಷ್ಟು ನಯವಾಯಿತು ಎಂದು ಡ್ರೈವರು ಖುಷಿಪಡುತ್ತಾನೆ. ಅಸಲಿಗೆ ಚಕ್ರ ರಸ್ತೆಯನ್ನು ಕಚ್ಚುವುದನ್ನೇ ಬಿಟ್ಟಿರುತ್ತದೆ. ತಿರುಗಿಸಿದರೆ ತಡವಾಗಿ ತಿರುಗುತ್ತದೆ, ಬ್ರೇಕು ಒತ್ತಿದರೆ ಮುಂದಿನ ಚಕ್ರ ಜಾರುತ್ತದೆ. ಅದಕ್ಕೇ ಭಾರದ್ದನ್ನು ತಳಕ್ಕೆ ಹಾಕಿ, ಕ್ಯಾಬಿನ್ನಿನ ಬೆನ್ನಿಗೆ ಒತ್ತಿ, ಎಡಬಲ ಸಮ ಮಾಡಿ, ಹಗುರದ್ದನ್ನು ಮೇಲೆ ಮತ್ತು ಹಿಂದೆ ಇಡಬೇಕು. ಆದರೆ ಹಮಾಲರು ಡೋರಿನ ಹತ್ತಿರ ಚೀಲ ಇಟ್ಟು ಕೆಳಗಿಳಿದರೆ ಕೆಲಸ ಬೇಗ ಮುಗಿಯುತ್ತದೆ. ಇಳಿಸುವಾಗಲೂ ಅನುಕೂಲ ಎಂದು ಸಮಜಾಯಿಷಿ ಬೇರೆ. ಎಲ್ಲಿ ಇಳಿಸುವಾಗ ಎಂಬುದು ಆಮೇಲಿನ ಪ್ರಶ್ನೆ. ಕೆಲವು ಲೋಡು ಘಾಟಿಯ ಮೂರನೇ ತಿರುವಿನಲ್ಲಿ ತಾನೇ ಇಳಿದಿರುತ್ತದೆ.

ಹಗ್ಗದ ವಿಷಯಕ್ಕೆ ಬಂದರೆ ನಮ್ಮಲ್ಲಿ ಎರಡು ಪಂಥ. ‘ಭಾರ ಇದೆ, ಎಲ್ಲಿ ಹೋಗುತ್ತೆ’ ಎನ್ನುವುದು ಮೊದಲನೇ ಪಂಥ. ಭಾರವಿದ್ದದ್ದೇ ಮುಂದೆ ಹೋಗುವುದು ಎಂದು ಇವರಿಗೆ ತಿಳಿಸಿ ಹೇಳುವುದು ಕಷ್ಟ. ಗಾಡಿ ಗಂಟೆಗೆ 50 ಕಿ.ಮೀ. ಓಡುತ್ತಿದ್ದರೆ ಹಿಂದಿನ ಬೀರು, ಮಂಚ, ಗ್ರೈಂಡರು ಎಲ್ಲವೂ ಸೆಕೆಂಡಿಗೆ ಹದಿನಾಲ್ಕು ಮೀಟರ್ ಓಡುತ್ತಿರುತ್ತವೆ. ಬ್ರೇಕು ಬೀಳುವುದು ಗಾಡಿಗೆ, ಗ್ರೈಂಡರಿಗಲ್ಲ. ಯುರೋಪಿನವರು ಸರಕು ಕಟ್ಟುವುದಕ್ಕೆಂದೇ ಒಂದು ಮಾನದಂಡ ಮಾಡಿಕೊಂಡಿದ್ದಾರೆ: ಕಟ್ಟು ಮುಂದಕ್ಕೆ ಸರಕಿನ ತೂಕದ ಶೇಕಡ 80ರಷ್ಟು ಎಳೆತವನ್ನು, ಹಿಂದಕ್ಕೂ ಪಕ್ಕಕ್ಕೂ ಶೇಕಡ 50ರಷ್ಟನ್ನು ತಡೆಯಬೇಕು. ನೂರು ಕಿಲೋ ಬೀರುವಿಗೆ ಮುಂದಕ್ಕೆ ಎಂಬತ್ತು ಕಿಲೋ ನುಗ್ಗುವ ಆಸೆ ಇರುತ್ತದೆ ಎಂದರ್ಥ. ಅದರ ಮುಂದೆ ಕೂತಿರುವವರು ನೀವು ಮತ್ತು ಡ್ರೈವರಣ್ಣ. ನಡುವೆ ಒಂದು ತಗಡು.

ಎರಡನೇ ಪಂಥದವರು ಕಟ್ಟುತ್ತಾರೆ. ಎಷ್ಟು ಕಟ್ಟುತ್ತಾರೆ ಎಂದರೆ ಸರಕಿಗಿಂತ ಹಗ್ಗವೇ ಹೆಚ್ಚು. ಆದರೆ ಒಂದು ತುದಿ ಬೀರುವಿನ ಕಾಲಿಗೆ, ಇನ್ನೊಂದು ತುದಿ ಮಂಚದ ಕಾಲಿಗೆ! ಸರಕನ್ನು ಸರಕಿಗೇ ಕಟ್ಟಿದರೆ ಬೀಳುವಾಗ ಎಲ್ಲವೂ ಒಗ್ಗಟ್ಟಾಗಿ ಬೀಳುತ್ತವೆ, ಅಷ್ಟೇ ಲಾಭ. ಬಾಡಿಯ ಪಕ್ಕದಲ್ಲಿ ಕೊಕ್ಕೆಗಳನ್ನು ಬೆಸುಗೆ ಹಾಕಿ ಕೊಟ್ಟಿರುವುದು ಟಿಫಿನ್ ಬಾಕ್ಸು ನೇತುಹಾಕಲು ಅಲ್ಲ. ಹಗ್ಗ ಅಲ್ಲಿಂದ ಹೊರಟು, ಸರಕಿನ ಮೇಲೆ ಹಾಯ್ದು, ಎದುರು ಪಕ್ಕದ ಕೊಕ್ಕೆಗೆ ಬಿಗಿಯಬೇಕು. ಹಳೇ ಲಾರಿ ಕ್ಲೀನರುಗಳನ್ನು ನೋಡಬೇಕು: ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಕೊಕ್ಕೆಗೆ ಹಾಯಿಸಿ, ಆ ಕುಣಿಕೆಯೊಳಗೆ ತೂರಿಸಿ, ಬಾಡಿಗೆ ಕಾಲು ಕೊಟ್ಟು ಮೈಯ ಭಾರ ಬಿಟ್ಟು ಎಳೆದರೆ ಹಗ್ಗ ತಂಬೂರಿ ತಂತಿಯ ಹಾಗೆ ಮಿಡಿಯುತ್ತದೆ. ಗಂಟೂ ಹಾಗೆ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಈಗ ರ‍್ಯಾಚೆಟ್ ಇರುವ ಬೆಲ್ಟು ಬಂದಿದೆ, ಹಲ್ಲು ಹಲ್ಲಾಗಿ ಬಿಗಿಯಬಹುದು, ನೈಲಾನ್ ಹಗ್ಗದಷ್ಟು ಹಿಗ್ಗುವುದಿಲ್ಲ. ಅದನ್ನು ಕೊಂಡವರು ಹೊಸದು ಹಾಳಾಗುತ್ತದೆ ಎಂದು ಸೀಟಿನ ಹಿಂದೆ ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟಿರುತ್ತಾರೆ. ಯಾವುದರಿಂದ ಕಟ್ಟಿದರೂ ಎರಡು ಸಂಗತಿ ಮರೆಯಬಾರದು. ಚೂಪು ಅಂಚಿನ ಮೇಲೆ ಹಾಯುವಲ್ಲಿ ಒಂದು ಗೋಣಿತುಂಡು ಬೇಕು. ಮತ್ತು ನಾಲ್ಕೈದು ಕಿಲೋಮೀಟರು ಹೋದ ಮೇಲೆ ಒಮ್ಮೆ ನಿಲ್ಲಿಸಿ, ಕುಲುಕಿಗೆ ಸರಕು ಕೂತು ಸಡಿಲವಾದ ಹಗ್ಗವನ್ನು ಮತ್ತೆ ಬಿಗಿಯಬೇಕು. ಟೀ ಕುಡಿಯಲು ಹೇಗೂ ನಿಲ್ಲಿಸುತ್ತಾರೆ. ಟೀ ಬಿಸಿ ಇದೆಯೇ ಎಂದು ನೋಡುವಷ್ಟು ಹೊತ್ತು ಹಗ್ಗವನ್ನೂ ಮುಟ್ಟಿ ನೋಡಿದರೆ ಆಯಿತು.

ಕಬ್ಬಿಣದ ಸರಳಿನವರದು ಇನ್ನೊಂದು ಲೋಕ. ಸರಳು ಬರುವುದು ನಲವತ್ತಡಿ ಉದ್ದ, ಗಾಡಿಯ ಬಾಡಿ ಏಳೋ ಎಂಟೋ ಅಡಿ. ಈ ಸಣ್ಣ ವ್ಯತ್ಯಾಸವನ್ನು ಸರಳನ್ನು ಅರ್ಧಕ್ಕೆ ಬಗ್ಗಿಸಿ ಸರಿಪಡಿಸಿಕೊಳ್ಳುತ್ತಾರೆ. ಆದರೂ ಉಳಿದ ಹನ್ನೆರಡು ಅಡಿ ಹಿಂದೆ ನೇತಾಡುತ್ತ, ಟಾರು ಗೀಚುತ್ತ, ಕಿಡಿ ಹಾರಿಸುತ್ತ ಬರುತ್ತದೆ. ತುದಿಗೊಂದು ಕೆಂಪು ಬಟ್ಟೆ. ಆ ಬಟ್ಟೆ ಕಟ್ಟಿದರೆ ಸರಳಿಗೆ ಯಾರನ್ನೂ ಚುಚ್ಚಬಾರದೆಂಬ ಬುದ್ಧಿ ಬರುತ್ತದೆ ಎಂದು ನಂಬಿಕೆ. ರಾತ್ರಿ ಕೆಂಪು ಬಟ್ಟೆಯೂ ಕಪ್ಪೇ, ಕಂಬಳಿಯೂ ಕಪ್ಪೇ. ಮೊದಲು ಹಿಂದಕ್ಕೆ ಒಂದು ಮೀಟರ್‌ವರೆಗೆ ಚಾಚಲು ಕಾನೂನಿನಲ್ಲೂ ರಿಯಾಯಿತಿ ಇತ್ತು. 2014ರಲ್ಲಿ ಕೇಂದ್ರದ ನಿಯಮಕ್ಕೆ ತಿದ್ದುಪಡಿ ಬಂದು ಅದೂ ಹೋಯಿತು. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸರಕು ಬಾಡಿಯಿಂದಾಚೆ ಚಾಚಿದರೆ ದಂಡ 20,000 ರೂಪಾಯಿ. ಹೆಚ್ಚು ತೂಕ ಹೇರಿದರೂ 20,000, ಜೊತೆಗೆ ಹೆಚ್ಚುವರಿ ಟನ್ ಒಂದಕ್ಕೆ ಎರಡೆರಡು ಸಾವಿರ, ಹೆಚ್ಚಿನದನ್ನು ಅಲ್ಲೇ ಇಳಿಸಬೇಕು. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಒಂದು ತಮಾಷೆಗೆ ಬೇಕಾಗುತ್ತದೆ.

ದನಕರುಗಳಿಗೂ ಲೆಕ್ಕ ಇದೆ. ಕೇಂದ್ರದ ಮೋಟಾರು ವಾಹನ ನಿಯಮದ ಪ್ರಕಾರ ಸಾಗಿಸುವ ಒಂದು ಹಸುವಿಗೋ ಎಮ್ಮೆಗೋ ಎರಡು ಚದರ ಮೀಟರ್ ಜಾಗ, ಕುರಿ ಮೇಕೆಗೆ ತಲಾ 0.3 ಚದರ ಮೀಟರ್. ಏಸ್ ಗಾಡಿಯ ಬಾಡಿ ಮೂರೂಕಾಲು ಚದರ ಮೀಟರ್ ಆದೀತು. ಎಂದರೆ ಅದರಲ್ಲಿ ಒಂದು ಎಮ್ಮೆ ಘನತೆಯಿಂದ ನಿಂತು ಹೋಗಬಹುದು. ಎರಡನೆಯದು ಬಂದರೆ ಕಾನೂನು ಒಪ್ಪುವುದಿಲ್ಲ. ಅದೇ ಗಾಡಿಯಲ್ಲಿ ಮದುವೆ ದಿಬ್ಬಣದವರು ಇಪ್ಪತ್ತೈದು ಜನ, ಒಂದು ಡೋಲಿನ ಸೆಟ್ಟು, ಎರಡು ಹಂಡೆ ಸಾರು ಸಮೇತ ಹೋಗುತ್ತಾರೆ. ನಡುವೆ ಒಬ್ಬರು ಅಜ್ಜಿ, ಕುರ್ಚಿಯ ಮೇಲೆ. ಅಜ್ಜಿಗೆ ಮರ್ಯಾದೆ ಕೊಡಬೇಕಲ್ಲ! ಆ ಕುರ್ಚಿ ಪ್ಲಾಸ್ಟಿಕ್ಕಿನದು, ಅದರ ಕಾಲು ತಗಡಿನ ಮೇಲೆ, ತಗಡಿನ ಮೇಲೆ ಚೆಲ್ಲಿದ ಸಾರು.

ಹುಲ್ಲಿನ ಮೇಲಿನ ಹುಡುಗನ ಸುದ್ದಿಗೆ ಈಗ ಬಂದೆ. ನಮ್ಮ ಪಿಕಪ್ಪುಗಳಲ್ಲಿ ಸರಕಿಗೆ ಹಗ್ಗ, ಮನುಷ್ಯನಿಗೆ ‘ಗಟ್ಟಿಯಾಗಿ ಹಿಡ್ಕೋ’ ಎಂಬ ಮಾತು. ಅಷ್ಟೇ ಅಲ್ಲ, ಹಗ್ಗ ಸಾಲದೆ ಬಂದಾಗ ಮನುಷ್ಯನನ್ನೇ ಹಗ್ಗ ಮಾಡುತ್ತೇವೆ. ಪೈಪು ಉರುಳದಂತೆ ಕಾಲು ಕೊಟ್ಟು ಕೂರಲು ಒಬ್ಬ, ಗಾಜು ಹಿಡಿಯಲು ಇಬ್ಬರು, ಟಾರ್ಪಾಲು ಹಾರದಂತೆ ಮೂಲೆ ಅದುಮಲು ಒಬ್ಬ. ಗಣೇಶನ ಮೆರವಣಿಗೆ ನೋಡಿ. ಗಣಪತಿಯ ಕೆಳಗೆ ಹುಲ್ಲಿನ ಹಾಸು, ಸೊಂಟಕ್ಕೆ ಹಗ್ಗ, ಬೆನ್ನಿಗೆ ಬಿದಿರಿನ ಆಸರೆ. ದೇವರು ಅಲುಗುವ ಮಾತಿಲ್ಲ. ಅವನ ಸುತ್ತ ಜನರೇಟರು, ಆಳೆತ್ತರದ ಸ್ಪೀಕರು, ಅದರ ಮೇಲೆ ಕುಣಿಯುವ ಹದಿನೈದು ಹುಡುಗರು. ಕ್ಯಾಬಿನ್ನಿನ ತಲೆಯ ಮೇಲೆ ಕವೆಗೋಲು ಹಿಡಿದು ಕರೆಂಟಿನ ತಂತಿ ಎತ್ತುವ ಒಬ್ಬ ವೀರ. ಮಳೆ ಬಂದು ಕೋಲು ನೆನೆದಿರುತ್ತದೆ, ಅವನೂ ನೆನೆದಿರುತ್ತಾನೆ. ವಿಘ್ನೇಶ್ವರನ ಎದುರೇ ವಿಘ್ನವನ್ನು ಇಷ್ಟು ಶ್ರದ್ಧೆಯಿಂದ ಸಿದ್ಧಪಡಿಸುವವರು ನಾವೇ ಇರಬೇಕು.

ಬಾಡಿಯ ಪಕ್ಕದ ತಗಡು ಇದೆಯಲ್ಲ, ಬೀಳುವುದಿಲ್ಲ ಎನ್ನುತ್ತಾರೆ. ಆ ತಗಡಿನ ಎತ್ತರ ಒಂದು ಅಡಿ, ಕೆಲವು ಗಾಡಿಗಳಲ್ಲಿ ಇನ್ನೊಂದು ನಾಲ್ಕು ಬೆರಳು. ನಿಂತವನ ಮೊಣಕಾಲಿಗೂ ಬಾರದು. ಮನುಷ್ಯನ ತೂಕದ ನಡು ಇರುವುದು ಹೊಕ್ಕುಳಿನ ಆಸುಪಾಸಿನಲ್ಲಿ. ಕಾಲನ್ನು ಕೆಳಗೆ ತಡೆದು ಮೇಲಿನ ಮೈಯನ್ನು ಬಿಟ್ಟರೆ ಏನಾಗುತ್ತದೆಂದು ಕಬಡ್ಡಿ ಆಡಿದವರಿಗೆ ಗೊತ್ತು. ಆ ತಗಡು ಟೊಮೆಟೊ ಬಾಕ್ಸನ್ನು ತಡೆಯುತ್ತದೆ. ಮನುಷ್ಯನಿಗೆ ಅಡ್ಡಗಾಲು ಕೊಡುತ್ತದೆ.

ಈಗ ಆ ತಮಾಷೆ. ಸರಳು ಆಚೆ ಚಾಚಿದರೆ 20,000 ಎಂದೆನಲ್ಲ, ಅದೇ ಕಾಯ್ದೆಯಲ್ಲಿ ಸಾರಿಗೆ ವಾಹನದಲ್ಲಿ ಮಿತಿಗಿಂತ ಹೆಚ್ಚು ಜನ ತುಂಬಿದ್ದಕ್ಕೆ ತಲೆಗೆ ದಂಡ 200 ರೂಪಾಯಿ. ಗೂಡ್ಸ್ ಗಾಡಿಗೆ ಅನ್ವಯಿಸುವ ಬೇರೆ ಕಲಮುಗಳೂ ಇವೆ, ಇಲ್ಲವೆನ್ನುವುದಿಲ್ಲ. ಆದರೂ ಒಂದು ಕಟ್ಟು ಸರಳಿನ ಬೆಲೆಗೆ ನೂರು ತಲೆ! ಬೆಲೆಪಟ್ಟಿ ಹೀಗಿರುವಾಗ ಯಾವ ಸರಕನ್ನು ಒಳಗೆ ಭದ್ರವಾಗಿಟ್ಟು ಯಾವುದನ್ನು ಹೊರಗೆ ನೇತಾಡಿಸಬೇಕು ಎಂದು ಡ್ರೈವರು ವ್ಯಾಪಾರದ ಬುದ್ಧಿಯಿಂದಲೇ ತೀರ್ಮಾನಿಸುತ್ತಾನೆ. ಕರ್ನಾಟಕದ 1989ರ ನಿಯಮಗಳು ಸರಕು ಗಾಡಿಯಲ್ಲಿ ಜನ ಹೋಗಬಾರದು ಎನ್ನುತ್ತವೆ. ಗಾಡಿಯ ಮಾಲೀಕ, ಬಾಡಿಗೆಗೆ ಹಿಡಿದವನು, ಅವರ ಕೆಲಸದವರು ಮಾತ್ರ ಹೋಗಬಹುದು, ಹಗುರ ಗಾಡಿಯಾದರೆ ಅದೂ ಮೂವರಿಗಿಂತ ಹೆಚ್ಚಿಲ್ಲ. ಗಾರೆ ಕೆಲಸಕ್ಕೆ, ಗಾರ್ಮೆಂಟ್ಸಿಗೆ, ತೋಟದ ಕೂಲಿಗೆ ಬೆಳಗಿನ ಆರು ಗಂಟೆಗೆ ಹೊರಡುವ ಗಾಡಿಗಳಲ್ಲಿ ಯಾರೂ ಎಣಿಸಿದ ಹಾಗೆ ಕಾಣುವುದಿಲ್ಲ. ಆ ಹೊತ್ತಿಗೆ ಬಸ್ಸಿದ್ದರೆ ಅವರ‍್ಯಾಕೆ ಹತ್ತುತ್ತಿದ್ದರು ಎಂದು ಕೇಳಿದರೆ ಅದಕ್ಕೆ ನನ್ನಲ್ಲಿ ನಗೆಮಾತಿಲ್ಲ.

ವಿಮೆ ಇದೆಯಲ್ಲ ಎಂಬ ಧೈರ್ಯ ಬೇರೆ. ಗಾಡಿಗೆ ವಿಮೆ ಇದೆ, ಸರಿ. ಆದರೆ 2002ರ ಕೊನೆಯಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಖಡಾಖಂಡಿತವಾಗಿ ಹೇಳಿತು: ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಕೊಂಡು ಹೋದವನಿಗಾಗಿ ವಿಮಾ ಕಂಪನಿ ಪರಿಹಾರ ತೆರಬೇಕಾಗಿಲ್ಲ. 1994ರ ತಿದ್ದುಪಡಿಯಿಂದ ಸರಕಿನ ಮಾಲೀಕನಿಗೆ, ಅವನ ಪ್ರತಿನಿಧಿಗೆ ಮಾತ್ರ ರಕ್ಷಣೆ ಸಿಕ್ಕಿದೆ. ಆಹಾ, ದಾರಿ ಸಿಕ್ಕಿತು ಎಂದು ದಿಬ್ಬಣದವರೆಲ್ಲ ಕೈಯಲ್ಲೊಂದು ತಾಂಬೂಲದ ತೆಂಗಿನಕಾಯಿ ಹಿಡಿದು ‘ನಾನು ಸರಕಿನ ಮಾಲೀಕ’ ಎನ್ನಬಹುದೇ? ಅದಕ್ಕೂ ಕೋರ್ಟು ಬಾಗಿಲು ಹಾಕಿದೆ. ಸರಕಿನ ಮಾಲೀಕ ಎಂದರೆ ಕ್ಯಾಬಿನ್ನಿನಲ್ಲಿ ಕೂತು ಹೋಗುವವನು, ಸರಕಿನ ಮೇಲೆ ಕೂತವನಲ್ಲ ಎಂದು ಆಮೇಲಿನ ತೀರ್ಪೊಂದರಲ್ಲಿ ಹೇಳಲಾಗಿದೆ.

2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಲಾರಿಯೊಂದು ಯಲ್ಲಾಪುರ ತಾಲ್ಲೂಕಿನಲ್ಲಿ ಕಂದಕಕ್ಕೆ ಉರುಳಿತು. ಹಣ್ಣು ತರಕಾರಿಯ ಮೂಟೆಗಳ ಜೊತೆಯಲ್ಲೇ ಅವುಗಳ ವ್ಯಾಪಾರಿಗಳು ಕೂತಿದ್ದರು. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಜನ ಹೋದರು. ಅವರೆಲ್ಲ ಸರಕಿನ ಮಾಲೀಕರೇ. ಇದನ್ನು ಹರಟೆಯಲ್ಲಿ ಹೇಳಬಾರದಿತ್ತೇನೋ. ಹೇಳದೆ ಮುಂದೆ ಹೋಗುವುದೂ ಸರಿಯಲ್ಲ.

ಸರಿ, ಮನೆ ಬದಲಾಯಿಸುವ ವಿಚಾರಕ್ಕೆ ಬರೋಣ. ಪಿಕಪ್ ಶಾಸ್ತ್ರದ ಸಕಲ ಅಧ್ಯಾಯಗಳೂ ಒಂದೇ ದಿನ ಪ್ರಯೋಗಕ್ಕೆ ಬರುವುದು ಆಗ. ನಮ್ಮ ಭಾವ ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಹೊರಟಾಗ ಬೀದಿಯ ಡ್ರೈವರಣ್ಣನೇ ಬಂದಿದ್ದ. ಕನ್ನಡಿ ಬೀರುವನ್ನು ಕನ್ನಡಿ ಹಿಂದಕ್ಕೆ ಬರುವ ಹಾಗೆ ನಿಲ್ಲಿಸಿದ್ದರು. ನಾನು ಅಡ್ಡಿ ಮಾಡಿದೆ: ರಾತ್ರಿ ಹಿಂದೆ ಬರುವವನ ಹೆಡ್‌ಲೈಟು ಅವನ ಕಣ್ಣಿಗೇ ಹೊಡೆಯುತ್ತದೆ, ಹಗಲಾದರೆ ಸ್ಕೂಟರಿನವನು ತಲೆ ಬಾಚಿಕೊಳ್ಳುತ್ತ ಬಂದು ಗುದ್ದುತ್ತಾನೆ. ಬೀರು ತಿರುಗಿ ಕ್ಯಾಬಿನ್ನಿಗೆ ಮುಖ ಮಾಡಿತು. ಫ್ರಿಜ್ಜನ್ನು ಮಲಗಿಸಲು ಹೊರಟಿದ್ದರು, ನಿಲ್ಲಿಸಿದೆ. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಬೇಡದ ಕಡೆ ಹರಿದು, ಆಮೇಲೆ ನೆಟ್ಟಗೆ ನಿಲ್ಲಿಸಿ ಗಂಟೆಗಟ್ಟಲೆ ಕಾಯಬೇಕು. ಅಡುಗೆಮನೆಯ ಗ್ರೈಂಡರು, ಅಕ್ಕಿ ಮೂಟೆ ಮುಂದಕ್ಕೆ ಹೋದವು. ಅಲ್ಲಿಗೇ ನನ್ನ ಮೇಲೆ ಎಲ್ಲರಿಗೂ ಅಸಮಾಧಾನ.

ಕೊನೆಗೆ ಡಬಲ್ ಕಾಟ್ ಹಾಸಿಗೆ ಬಂತು. ಜಾಗವಿಲ್ಲ, ಎಲ್ಲದರ ಮೇಲೆ ಹಾಕಿದರು. ಹಗ್ಗ ಮುಗಿದಿತ್ತು. ಭಾವನ ತಮ್ಮ ಯಾರೂ ಹೇಳದೆಯೇ ಪಂಚೆ ಎತ್ತಿ ಕಟ್ಟಿ ಹಾಸಿಗೆಯ ಮೇಲೆ ಹತ್ತಿ ಅಂಗಾತ ಮಲಗಿದ. ಭಾರವೂ ಆಯಿತು, ನಿದ್ದೆಯೂ ಆಯಿತು ಎಂದು ಅವನ ಲೆಕ್ಕ. ಗಂಟೆಗೆ 60 ಕಿ.ಮೀ. ಹೋಗುವಾಗ ಅಷ್ಟು ದೊಡ್ಡ ಹಾಸಿಗೆ ಮುಂಭಾಗ ಎದ್ದು ಗಾಳಿಗೆ ಪೂರ್ತಿ ಎದುರಾಯಿತೆಂದರೆ ಅದರ ಮೇಲೆ ಬೀಳುವ ತಳ್ಳು ಸುಮಾರು ಒಂದು ಸಿಮೆಂಟ್ ಚೀಲದಷ್ಟು. ಹಾಸಿಗೆ ಹಾರಿದರೆ ಮಲಗಿದವನೂ ಅದರ ಜೊತೆಗೇ ಹಾರುತ್ತಾನೆ. ಬೀಳುವಾಗ ಹಾಸಿಗೆಯ ಮೇಲೆಯೇ ಬೀಳುತ್ತಾನೆ ಎಂಬ ಭರವಸೆಯೇನೂ ಇಲ್ಲ.

“ಅವರನ್ನ ಇಳಿಸಿ, ಹಾಸಿಗೆ, ಮಂಚ, ಹೂಕುಂಡ ಎರಡನೇ ಟ್ರಿಪ್ಪಿಗೆ ಇರಲಿ” ಎಂದೆ.

ಡ್ರೈವರಣ್ಣ ನನ್ನನ್ನು ಕರುಣೆಯಿಂದ ನೋಡಿದ. “ಸಾರ್, ನೀವು ಹೇಳ್ತಿರೋದೆಲ್ಲ ನಂಗೆ ಗೊತ್ತಿಲ್ವಾ? ಇಪ್ಪತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ. ಟೈರು ನಂದು, ಸ್ಪ್ರಿಂಗು ನಂದು, ಲೋನು ನಂದು. ಹೆಚ್ಚು ಹಾಕ್ಬೇಕು ಅಂತ ನಂಗೇನು ಆಸೆನಾ? ಫೋನಲ್ಲಿ ಎಲ್ರೂ ‘ಏನಿಲ್ಲ ಅಣ್ಣ, ನಾಕು ಸಾಮಾನು’ ಅಂತಾರೆ. ಬಂದು ನೋಡಿದ್ರೆ ನಾಕು ರೂಮಿನ ಸಾಮಾನು. ಎರಡು ಟ್ರಿಪ್ ಅಂದ್ರೆ ‘ಪಕ್ಕದ ಬೀದಿಯೋನು ಒಂದೇ ಟ್ರಿಪ್ಪಲ್ಲಿ ಮಾಡ್ತಾನೆ’ ಅಂತಾರೆ. ಅವನು ಮಾಡ್ತಾನೆ ಸಾರ್. ಹೋದ ತಿಂಗಳು ಅವನ ಗಾಡಿಯಿಂದ ಒಬ್ರ ವಾಷಿಂಗ್ ಮಿಷಿನ್ನು ಮೋರಿಗೆ ಹೋಯ್ತು. ಆದ್ರೂ ಅವನಿಗೇ ಬಾಡಿಗೆ ಜಾಸ್ತಿ.”

ಎಲ್ಲರೂ ಭಾವನ ಮುಖ ನೋಡಿದರು. ಅಕ್ಕ ಹೊಸ್ತಿಲಲ್ಲಿ ನಿಂತು, “ಎರಡು ಟ್ರಿಪ್ಪೇ ಮಾಡ್ಸಿ, ನನ್ನ ಮೈದುನ ನನಗೆ ಇಡಿಯಾಗಿ ಬೇಕು” ಎಂದಳು. ಹಾಸಿಗೆಯ ಮೇಲಿಂದ ಮೈದುನ ಬೇಸರದಲ್ಲೇ ಇಳಿದ. ಭಾವ ಜೇಬಿಗೆ ಕೈ ಹಾಕಿ, ಏನೋ ಯೋಚಿಸಿ, ಹಾಗೇ ತೆಗೆದು, ಡ್ರೈವರಣ್ಣನ ಹೆಗಲ ಮೇಲೆ ಆ ಕೈ ಇಟ್ಟು ಬಹಳ ಸಲಿಗೆಯಿಂದ ಕೇಳಿದ:

“ಆಯ್ತಪ್ಪ, ಎರಡೇ ಟ್ರಿಪ್ ಮಾಡು. ಆದ್ರೆ ಎರಡನೇದಕ್ಕೆ ಅರ್ಧ ರೇಟು ಹಾಕ್ಕೋಬೇಕು. ಅಷ್ಟೊತ್ತಿಗೆ ನಿಂಗೆ ದಾರಿ ಗೊತ್ತಾಗಿರುತ್ತಲ್ಲ!”